ಎಂಟು ತೋಳಿಗೆ ಒಂದೇ ಸೂಜಿ

ಜನವರಿ ತಿಂಗಳ ಒಂದು ಮಂಗಳವಾರ, ಹನ್ನೊಂದೂವರೆ ಹೊತ್ತಿಗೆ, ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆಯ ಮೆಟ್ಟಿಲುಗಳನ್ನು ಮರಿಯಮ್ಮ ಎರಡೆರಡಾಗಿ ಹಾರಿಕೊಂಡು ಇಳಿದಳು. ನಲವತ್ತೇಳು ವರ್ಷದ ಹೆಂಗಸು. ಒಂದು ಕೈಯಲ್ಲಿ ಸೀರೆಯ ನೆರಿಗೆ, ಇನ್ನೊಂದು ಕೈಯಲ್ಲಿ ಒಂದು ಹಾಳೆ. ಗೇಟಿನ ಹತ್ತಿರ ಜೀಪಿಗೆ ಒರಗಿ ನಿಂತಿದ್ದ ಗಂಡ ಸುರೇಂದ್ರ ಅವಳು ಬರುವ ರಭಸ ನೋಡಿಯೇ ನಾಲ್ಕು ಹೆಜ್ಜೆ ಎದುರು ಬಂದ.

"ಎಂತ ಆಯ್ತೆ?"

"ಸಿಕ್ಕಿಲ್ವಂತೆ."

"ರಿಪೋರ್ಟ್ ಸಿಕ್ಕಿಲ್ವಾ? ರಕ್ತ ಕೊಟ್ಟು ಹದಿನೈದು ದಿನ ಆಯ್ತಲ್ಲ."

"ರಿಪೋರ್ಟ್ ಇಲ್ಲಿದೆ ಮಾರಾಯ್ರೆ. ವೈರಸ್ಸು ಸಿಕ್ಕಿಲ್ಲ. ಹುಡುಕಿದ್ರೂ ಸಿಕ್ಕಿಲ್ಲ."

ಸುರೇಂದ್ರ ಹಾಳೆ ಇಸಿದುಕೊಂಡ. ಇಂಗ್ಲಿಷಿನ ಸಾಲುಗಳು ಅವನಿಗೆ ಅಷ್ಟಾಗಿ ಹತ್ತಲಿಲ್ಲ. ಆದರೂ ಮೇಲಿನಿಂದ ಕೆಳಗಿನತನಕ ಬೆರಳಿಟ್ಟುಕೊಂಡು ನೋಡಿದ. ಆಮೇಲೆ ಗಾಜು ಒರೆಸುವ ಬಟ್ಟೆಯಲ್ಲೇ ಕಣ್ಣು ಒರೆಸಿಕೊಂಡು, ಕೆನ್ನೆಗೆಲ್ಲ ಗ್ರೀಸು ಬಳಿದುಕೊಂಡ. ಹೋಟೆಲಿನಲ್ಲಿ ಊಟ ಮಾಡಿಕೊಂಡೇ ಹೋಗೋಣ, ಇವತ್ತು ಸಿಹಿನೂ ತಗೊಳ್ಳೋಣ ಎಂದ.

"ಊಟ ಆಮೇಲೆ. ಮೊದ್ಲು ಮೇಸ್ತ್ರಿ ಗುರುವಯ್ಯನ ಮನೆ. ನಂಗೆ ಏಳು ಜನ ಬೇಕು."

ಯಾವ ಏಳು ಜನ ಎಂದು ಸುರೇಂದ್ರ ಕೇಳಲಿಲ್ಲ. ಆರು ತಿಂಗಳಿಂದ ಅವಳು ಆ ಏಳು ಹೆಸರುಗಳನ್ನು ಒಲೆ ಮುಂದೆ ಕೂತು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದುದನ್ನು ಅವನು ಕೇಳಿದ್ದ. ಸುಮ್ಮನೆ ಜೀಪು ಹೊರಡಿಸಿದ.

ಮರಿಯಮ್ಮ ಜಾವಳಿಯ ಹತ್ತಿರದ ಒಂದು ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಹಿಂದಿನ ಜೂನಿನಲ್ಲಿ, ಮಳೆ ಹಿಡಿದ ಮೊದಲ ವಾರ, ಅಕ್ಕಿ ತೊಳೆದ ನೀರು ಚೆಲ್ಲಲು ಹೋದವಳು ಪಾಚಿಯ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಸಮೀಪದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಮಾಡಿ ಪ್ಲೇಟು ಕೂರಿಸುತ್ತೇವೆ ಎಂದರು, ಅದಕ್ಕೆ ಮೊದಲು ರಕ್ತ ತೆಗೆದರು. ಮಾರನೆಯ ದಿನ ಅಲ್ಲಿಯ ಮಾತಿನ ಧಾಟಿಯೇ ಬೇರೆಯಾಗಿತ್ತು. ಫೈಲಿನ ಮೇಲೆ ಕೆಂಪು ಇಂಕಿನಲ್ಲಿ ಏನೋ ಬರೆದಿತ್ತು. ಹಿಂದಿನ ದಿನ ಅಕ್ಕ ಎನ್ನುತ್ತಿದ್ದ ಹುಡುಗಿ ಎರಡು ಜೊತೆ ಕೈಗವಸು ತೊಟ್ಟು ಬಂದು, ನಿಮ್ಮ ರಕ್ತದಲ್ಲಿ ಹೆಪಟೈಟಿಸ್ ಸಿ ಇದೆ, ಇಲ್ಲಿ ಆಪರೇಷನ್ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ ಎಂದಳು. ಅದೇನು, ಎಲ್ಲಿಂದ ಬಂತು, ಸಾಯುತ್ತೇನಾ ಎಂದು ಮರಿಯಮ್ಮ ಕೇಳುವುದರೊಳಗೆ ಅವಳು ಪಕ್ಕದ ಮಂಚಕ್ಕೆ ಹೋಗಿಯಾಗಿತ್ತು.

ಆ ದಿನವೇ ಮರಿಯಮ್ಮ ಮನೆಯಲ್ಲಿ ತನ್ನ ತಟ್ಟೆ, ಲೋಟ, ಚೊಂಬು ಬೇರೆ ಇಟ್ಟಳು. ಮಗಳು ಧನ್ಯಶ್ರೀ ಹಾಸನದಿಂದ ಬರುತ್ತೇನೆಂದರೆ ಬೇಡವೆಂದಳು. ನೂರಾಹತ್ತು ಮಕ್ಕಳಿಗೆ ಅನ್ನ ಬಡಿಸಿದ ಕೈ ಇದು, ಇನ್ನು ಆ ಮಕ್ಕಳಿಗೆಲ್ಲ ಏನಾಗುತ್ತದೋ ಎಂಬ ಚಿಂತೆಯಲ್ಲಿ ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ.

ನಾಲ್ಕನೆಯ ದಿನ ಜಿಲ್ಲಾಸ್ಪತ್ರೆಯಲ್ಲಿ ಡಾಕ್ಟರ್ ಶಿಲ್ಪಾ ಅವಳ ಮುರಿದ ಕೈಯನ್ನು ಬರಿಗೈಯಲ್ಲೇ ಹಿಡಿದು ನೋಡಿದರು. ಮರಿಯಮ್ಮನಿಗೆ ಮೊದಲು ಧೈರ್ಯ ಬಂದದ್ದು ಅದರಿಂದ. ಮಾತು ಆಮೇಲಿನದು.

"ಬಿಸಿಯೂಟದ ಕೆಲ್ಸ ಬಿಡ್ಬೇಕಾ ಡಾಕ್ಟ್ರೆ?"

"ಯಾಕೆ ಬಿಡ್ಬೇಕು? ಇದು ಅನ್ನದಲ್ಲಿ ಹೋಗಲ್ಲ, ನೀರಲ್ಲಿ ಹೋಗಲ್ಲ. ಒಂದೇ ತಟ್ಟೇಲಿ ಉಂಡ್ರೂ ಬರಲ್ಲ, ತಬ್ಬಿಕೊಂಡ್ರೂ ಬರಲ್ಲ. ರಕ್ತದಿಂದ ರಕ್ತಕ್ಕೆ ಮಾತ್ರ ಹೋಗೋದು. ಕೈ ಕೊಯ್ದುಕೊಂಡ್ರೆ ಪಟ್ಟಿ ಕಟ್ಟಿ. ಬ್ಲೇಡು, ಹಲ್ಲುಜ್ಜೋ ಬ್ರಷ್ಷು ನಿಮ್ದು ನಿಮ್ಗೆ ಇರ್ಲಿ. ಅಷ್ಟೇ."

"ನಂಗೆ ಏನೂ ಆಗಿಲ್ವಲ್ಲ. ಸುಸ್ತು ಇತ್ತು, ಅದು ವಯಸ್ಸಿಂದು ಅಂತಿದ್ದೆ."

"ಅದೇ ಇದ್ರ ಕಥೆ. ಇಪ್ಪತ್ತು ವರ್ಷ, ಮೂವತ್ತು ವರ್ಷ ಗಲಾಟೆ ಮಾಡ್ದೆ ಲಿವರಿನಲ್ಲಿ ಕೂತಿರುತ್ತೆ. ಒಳಗೊಳಗೇ ಲಿವರನ್ನ ಗಟ್ಟಿ ಮಾಡ್ತಾ ಹೋಗುತ್ತೆ. ಹೊಟ್ಟೇಲಿ ನೀರು ತುಂಬಿದಾಗ್ಲೇ ಸುಮಾರು ಜನ್ರಿಗೆ ಗೊತ್ತಾಗೋದು. ನಿಮ್ಗೆ ಈಗ್ಲೇ ಗೊತ್ತಾಯ್ತಲ್ಲ."

ಮೊದಲ ಟೆಸ್ಟು ವೈರಸ್ಸು ಎಂದಾದರೂ ಬಂದಿತ್ತಾ ಎಂದಷ್ಟೇ ಹೇಳುತ್ತದೆ, ಈಗ ಇದೆಯೇ ಎಂದು ತಿಳಿಯಲು ಎರಡನೆಯ ಟೆಸ್ಟು ಬೇಕು ಎಂದು ಅವರು ವಿವರಿಸಿದರು. ಎರಡನೆಯ ಟೆಸ್ಟಿನಲ್ಲಿ ವೈರಸ್ಸು ಲಕ್ಷಗಟ್ಟಲೆ ಇತ್ತು. ಆದರೆ ಅದಕ್ಕೆ ಮಾತ್ರೆ ಇದೆ, ದಿನಕ್ಕೊಂದು ಬಾರಿಯಂತೆ ಹನ್ನೆರಡು ವಾರ, ಸರ್ಕಾರದ ಕಡೆಯಿಂದಲೇ ಕೊಡುತ್ತಾರೆ, ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ ಎಂದಾಗ ಮರಿಯಮ್ಮ, "ಗುಣ ಅಂದ್ರೆ ಸ್ವಲ್ಪ ಕಮ್ಮಿ ಆಗೋದಾ?" ಎಂದು ಕೇಳಿದಳು.

"ಅಲ್ಲ. ಹೋಗೋದು. ಪೂರ್ತಿ."

ಮುರಿದ ಕೈಯ ಆಪರೇಷನ್ನೂ ಅದೇ ಆಸ್ಪತ್ರೆಯಲ್ಲಿ ಆಯಿತು. ಮಾತ್ರೆ ಶುರುಮಾಡುವ ದಿನ ಡಾಕ್ಟರು ಇನ್ನೊಂದು ಪ್ರಶ್ನೆ ಕೇಳಿದರು. ಎಂದಾದರೂ ರಕ್ತ ಹಾಕಿಸಿಕೊಂಡಿದ್ದೀರಾ, ಹಚ್ಚೆ ಹಾಕಿಸಿಕೊಂಡಿದ್ದೀರಾ, ಹಳೇಕಾಲದಲ್ಲಿ ಗಾಜಿನ ಸಿರಿಂಜಿನಲ್ಲಿ ಇಂಜೆಕ್ಷನ್?

ಮರಿಯಮ್ಮ ಇಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ನಿಂತಳು.

ಸಾವಿರದ ಒಂಬೈನೂರ ತೊಂಬತ್ತೇಳು. ಅವಳಿಗಾಗ ಹತ್ತೊಂಬತ್ತೋ ಇಪ್ಪತ್ತೋ. ಕೆಂಜಿಗೆಹಕ್ಲು ಎಸ್ಟೇಟಿನ ಕೂಲಿ ಲೈನಿನ ಮನೆಗಳ ಎಂಟು ಹುಡುಗಿಯರು ಹಗ್ಗಜಗ್ಗಾಟದ ಟೀಮು ಕಟ್ಟಿದ್ದರು. ಮೇಸ್ತ್ರಿ ಗುರುವಯ್ಯನೇ ಕೋಚು. ಕಾಫಿ ಕೊಯ್ದು ಬಂದ ಮೇಲೆ ಕಣದಲ್ಲಿ ಸಿಲ್ವರ್ ಓಕ್ ಮರಕ್ಕೆ ಹಗ್ಗ ಕಟ್ಟಿ ಎಳೆಸುತ್ತಿದ್ದ. ಆ ವರ್ಷ ಸುತ್ತಿನ ಎಸ್ಟೇಟುಗಳ ಆಟೋಟದಲ್ಲಿ ಅವರು ಫೈನಲ್ಲಿಗೆ ಬಂದರು. ಹಿಂದಿನ ಸಂಜೆ ಹುಡುಗಿಯರೆಲ್ಲ ಸುಸ್ತಾಗಿ ಕೂತಿದ್ದನ್ನು ನೋಡಿ ಗುರುವಯ್ಯ ಸೈಕಲ್ಲಿನಲ್ಲಿ ಊರೂರು ತಿರುಗುವ ಒಬ್ಬ ಕಾಂಪೌಂಡರನ್ನು ಕರೆತಂದ. ಕೆಂಪು ಔಷಧಿ, ಶಕ್ತಿ ಇಂಜೆಕ್ಷನ್. ಗಾಜಿನ ಸಿರಿಂಜು ಒಂದೇ. ಸೂಜಿಯೂ ಒಂದೇ. ಒಬ್ಬಳಿಗೆ ಚುಚ್ಚಿ, ಬಿಸಿನೀರಿನ ಲೋಟದಲ್ಲಿ ಅದ್ದಿ, ಇನ್ನೊಬ್ಬಳಿಗೆ. ಎಂಟು ತೋಳು. ಮರುದಿನ ಅವರು ಗೆದ್ದರು. ಎರಡು ವರ್ಷದಲ್ಲಿ ನಾಲ್ವರು ಸುತ್ತಮುತ್ತಲಿಗೇ ಮದುವೆಯಾದರು, ಮೂವರು ದೂರಕ್ಕೆ ಹೋದರು. ಆಗ ಯಾರ ಕೈಯಲ್ಲೂ ಫೋನಿರಲಿಲ್ಲ.

"ಅದರಿಂದ್ಲೇ ಬಂತು ಅಂತ ಯಾರೂ ಹೇಳಕ್ಕಾಗಲ್ಲ," ಎಂದರು ಡಾಕ್ಟರ್ ಶಿಲ್ಪಾ. "ಆದ್ರೆ ಆ ಏಳು ಜನ ಒಂದ್ಸಲ ಟೆಸ್ಟ್ ಮಾಡಿಸ್ಕೊಂಡ್ರೆ ಒಳ್ಳೇದು."

ಅಂದೇ ಹೋಗಿ ಹೇಳಬೇಕಿತ್ತು, ಮರಿಯಮ್ಮ ಹೋಗಲಿಲ್ಲ. ತನಗೇ ಗುಣವಾಗುತ್ತದೋ ಇಲ್ಲವೋ ಎಂದು ನಂಬಿಕೆಯಿಲ್ಲದೆ ಇನ್ನೊಬ್ಬರ ಸಂಸಾರದೊಳಗೆ ಆ ಹೆಸರು ತೆಗೆದುಕೊಂಡು ಹೇಗೆ ಹೋಗುವುದು? ಮಾತ್ರೆ ಮುಗಿದು, ಮತ್ತೂ ಹನ್ನೆರಡು ವಾರ ಕಳೆದು, ಕೊನೆಯ ರಕ್ತಪರೀಕ್ಷೆಯ ಹಾಳೆ ಕೈಗೆ ಬಂದದ್ದು ಈ ಮಂಗಳವಾರ. ಆದ್ದರಿಂದಲೇ ಮೆಟ್ಟಿಲು ಇಳಿಯುವಾಗ ಆ ಅವಸರ.

ಗುರುವಯ್ಯನಿಗೆ ಈಗ ಎಂಬತ್ತರ ಹತ್ತಿರ. ಅಂಗಳದ ಬಿಸಿಲಿನಲ್ಲಿ ಕೂತು ಕಾಳುಮೆಣಸಿನ ಗೆರೆಗಳಿಂದ ಕಾಳು ಬಿಡಿಸುತ್ತಿದ್ದವನು ಎಲ್ಲವನ್ನೂ ಕೇಳಿ ಕೈ ಕೆಲಸ ನಿಲ್ಲಿಸಿದ.

"ನಾನೇ ಕರ್ಕೊಂಡು ಬಂದಿದ್ದಲ್ಲ ಅವನ್ನ."

"ಗೊತ್ತಿದ್ದು ಕರೆದ್ರಾ? ಆಗ ಎಲ್ಲಾ ಕಡೆ ಹಾಗೇ ಅಲ್ವಾ ಗುರುವಣ್ಣ. ಈಗ ಕೊರಗಿದ್ರೆ ಆಗಲ್ಲ. ಯಾರ್ಯಾರು ಎಲ್ಲೆಲ್ಲಿ ಹೋದ್ರು, ಹೇಳಿ."

ಮುದುಕನ ನೆನಪು ಚೂಪಾಗಿತ್ತು. ಸುತ್ತಮುತ್ತಲಿದ್ದ ನಾಲ್ವರ ವಿಷಯ ಮರಿಯಮ್ಮನಿಗೇ ಗೊತ್ತು. ಸರಸು ಆಲ್ದೂರು. ತನುಜಾ ಕಳಸ, ಬಸ್‌ಸ್ಟ್ಯಾಂಡ್ ಹತ್ತಿರ ಹೋಟೆಲಂತೆ. ಬೆಳ್ಳಿ ಮಾತ್ರ ಸಂಸೆ ಕಡೆ ಎಂಬಷ್ಟೇ, ಯಾವ ಎಸ್ಟೇಟೋ ಗೊತ್ತಿಲ್ಲ. ಹೊರಡುವಾಗ ಗುರುವಯ್ಯ ಕೋಲು ಹಿಡಿದು ಎದ್ದು ಜೀಪಿನ ತನಕ ಬಂದ. "ಹುಡ್ಗೀರು ನನ್ನ ಬೈದ್ರೆ ಬೈಯ್ಲಿ ಅನ್ನು. ಟೆಸ್ಟ್ ಮಾತ್ರ ಮಾಡಿಸ್ಕಳಕ್ಕೆ ಹೇಳು."

ಹತ್ತಿರದ ನಾಲ್ವರನ್ನು ಮರಿಯಮ್ಮ ಆ ಶನಿವಾರದೊಳಗೇ ಮೂಡಿಗೆರೆಯ ಸರ್ಕಾರಿ ಆಸ್ಪತ್ರೆಗೆ ಹೊರಡಿಸಿದಳು. ಬೆರಳ ತುದಿಯ ಒಂದು ಹನಿ ರಕ್ತ, ಇಪ್ಪತ್ತು ನಿಮಿಷದಲ್ಲಿ ಉತ್ತರ. ಮೂವರಿಗೆ ಏನೂ ಇರಲಿಲ್ಲ. ಒಬ್ಬಳಿಗೆ ಮೊದಲ ಟೆಸ್ಟಿನಲ್ಲಿ ಗೆರೆ ಮೂಡಿ ಎಲ್ಲರ ಮುಖ ಬಾಡಿತು. ಎರಡನೆಯ ಟೆಸ್ಟಿನಲ್ಲಿ ವೈರಸ್ಸೇ ಇಲ್ಲ. ಕೆಲವರ ಮೈ ಅದನ್ನು ತಾನೇ ಹೊರಗಟ್ಟುತ್ತದಂತೆ, ಬಂದುಹೋದ ಗುರುತು ಮಾತ್ರ ರಕ್ತದಲ್ಲಿ ಉಳಿದಿರುತ್ತದಂತೆ. ಆ ಹೆಂಗಸು ಒಂದು ತಿಂಗಳ ಕಾಲ ಕಂಡಕಂಡವರಿಗೆಲ್ಲ ಹೇಳಿಕೊಂಡಳು: "ನಮ್ಮದು ಗಟ್ಟಿ ರಕ್ತ."

ಆಲ್ದೂರಿನಲ್ಲಿ ಸರಸು ಇರಲಿಲ್ಲ. ತೀರಿಕೊಂಡು ಆರು ವರ್ಷವಾಗಿತ್ತು. ಅವಳ ಮಗಳು ಸ್ವಾತಿ ಪೇಟೆಯಲ್ಲಿ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಅಮ್ಮನ ಹಳೆಯ ಗೆಳತಿ ಎಂದು ಕೇಳಿ ಖುಷಿಯಿಂದ ಸ್ಟೂಲು ಎಳೆದು ಕೂರಿಸಿದಳು.

"ಎಂತ ಆಗಿತ್ತು ಮಗಾ ಅಮ್ಮಂಗೆ?"

"ಲಿವರ್. ಹೊಟ್ಟೆ ಊದ್ಕೊಂಡಿತ್ತು, ಕಣ್ಣು ಹಳದಿ. ರಕ್ತ ಕಾರಿದ್ರು." ಸ್ವಾತಿ ಕೌಂಟರಿನ ಮೇಲಿದ್ದ ಹಾಳೆಗಳನ್ನು ಒಟ್ಟುಮಾಡಿದಳು. "ಎಲ್ರೂ ಕುಡೀತಿದ್ಲು ಅಂದ್ರು. ಸತ್ತ ಮನೇಲೇ ಅಂದ್ರು. ನಮ್ಮಮ್ಮ ಒಂದಿನಾನೂ ಮುಟ್ದೋರಲ್ಲ ದೊಡ್ಡಮ್ಮ. ನಾನು ಹೇಳಿದ್ರೆ ಯಾರೂ ನಂಬ್ಲಿಲ್ಲ. ಆಮೇಲಾಮೇಲೆ ನಂಗೇ ಅನುಮಾನ ಬರಕ್ಕೆ ಶುರುವಾಯ್ತು. ನಮ್ಗೆ ಗೊತ್ತಿಲ್ದಂಗೆ ಏನಾದ್ರೂ..."

ಮರಿಯಮ್ಮ ತನ್ನ ಎರಡು ರಿಪೋರ್ಟುಗಳನ್ನೂ ಕೌಂಟರಿನ ಮೇಲೆ ಹರಡಿದಳು. ಗಾಜಿನ ಸಿರಿಂಜಿನ ಕಥೆ ಹೇಳಿದಳು. ಇದೇ ಅಂತ ಈಗ ಯಾರೂ ಸಾಬೀತು ಮಾಡಲಾಗದು, ಆದರೆ ಕುಡಿಯದವರಿಗೂ ಹೀಗೇ ಆಗುತ್ತದೆ, ನನಗೂ ಆಗುತ್ತಿತ್ತು ಎಂದಳು. ಸ್ವಾತಿ ಹಾಳೆಗಳನ್ನು ಎರಡು ಸಲ ಓದಿದಳು. ಆಮೇಲೆ ಮೆಷಿನ್ನಿಗೆ ಇಟ್ಟು ಜೆರಾಕ್ಸ್ ತೆಗೆದಳು.

"ಯಾರಿಗೆ ಇದು?"

"ನಮ್ಮ ಅತ್ತೆ ಮನೇಗೆ ಒಂದು. ಚಿಕ್ಕಪ್ಪಂಗೆ ಒಂದು. ನಿಮ್ಮ ಹೆಸ್ರು ಅಳಿಸ್ತೀನಿ ದೊಡ್ಡಮ್ಮ."

"ಅಳಿಸ್ಬೇಡ. ಇರ್ಲಿ."

ಆ ಮಾತು ಬಾಯಿಂದ ಬಂದ ಮೇಲೆಯೇ ಮರಿಯಮ್ಮನಿಗೆ ತಾನು ಏನು ಹೇಳಿದೆ ಎಂದು ಹೊಳೆದದ್ದು. ಏಳು ತಿಂಗಳ ಹಿಂದೆ ಚೊಂಬು ಬೇರೆ ಇಟ್ಟವಳು ತಾನೇ. ಜೀಪು ಹತ್ತಿದ ಮೇಲೆ ಅತ್ತಳು, ಆಮೇಲೆ ಕಣ್ಣೊರೆಸಿಕೊಂಡು, "ಬೇಗ ಓಡಿಸ್ರಿ, ತನುಜಾ ಇದಾಳೆ ಇನ್ನೂ," ಎಂದಳು. ಹೆರಿಗೆಯಲ್ಲಿ ತಾಯಿಯಿಂದ ಬಂದಿರಬಹುದೆಂದು ಸ್ವಾತಿಯೂ ಟೆಸ್ಟ್ ಮಾಡಿಸಿಕೊಂಡಳು. ಅವಳಿಗೆ ಇರಲಿಲ್ಲ.

ತನುಜಾ ಎಂಟು ಜನರಲ್ಲಿ ಕೊನೆಯ ಸ್ಥಾನದವಳು, ಹಗ್ಗವನ್ನು ಸೊಂಟಕ್ಕೆ ಸುತ್ತಿ ನಿಂತರೆ ಎದುರಿನ ಟೀಮಿಗೆ ಅಲ್ಲಾಡಿಸಲು ಆಗುತ್ತಿರಲಿಲ್ಲ. ಕಳಸದ ಬಸ್‌ಸ್ಟ್ಯಾಂಡಿನ ಪಕ್ಕದ ಸಣ್ಣ ಹೋಟೆಲಿನಲ್ಲಿ ಈಗ ಅವಳು ನೀರುದೋಸೆ ಹುಯ್ಯುವುದಕ್ಕೂ ಸ್ಟೂಲಿನ ಮೇಲೆ ಕೂತಿದ್ದಳು. ಮೈ ಬಡಕಲಾಗಿತ್ತು. ಗುರುತು ಹತ್ತಿದ್ದೇ ತಡ ಸೌಟು ಬಿಸಾಡಿ ಬಂದು ಮರಿಯಮ್ಮನನ್ನು ಅಪ್ಪಿಕೊಂಡಳು. ಇಪ್ಪತ್ತೇಳು ವರ್ಷದ ಸುದ್ದಿ ಒಂದೇ ಉಸಿರಿಗೆ ಹರಿಯಿತು. ಕೊನೆಗೆ ವಿಷಯ ಬಂದಾಗ ಅವಳು ಅಡುಗೆಕೋಣೆಯ ಬಾಗಿಲು ಎಳೆದಳು.

"ಇದನ್ನ ಇಲ್ಲಿ ಹೇಳ್ಬೇಡ ಮಾರಾಯ್ತಿ. ರಕ್ತದ ಕಾಯ್ಲೆ ಅಂದ್ರೆ ಜನ ಎಂತ ತಿಳ್ಕಳ್ತಾರೆ ಗೊತ್ತಲ್ಲ. ನಾಳೆಯಿಂದ ಒಬ್ಬ ದೋಸೆ ತಿನ್ನಕ್ಕೆ ಬರಲ್ಲ."

"ಸುಸ್ತಾಗುತ್ತಾ?"

"ಆಗುತ್ತೆ. ನಮ್ಮತ್ತೆ ಸೋಮಾರಿ ಅಂತಾರೆ."

"ನೀನು ಸೋಮಾರಿಯಾ? ನಿನ್ನ ಎಳೆಯಕ್ಕೆ ಎಂಟು ಜನ ಆಗ್ತಿರ್ಲಿಲ್ಲ. ಕೇಳು ಇಲ್ಲಿ. ನಾನು ಈ ಕೈಯಲ್ಲಿ ದಿನಾ ನೂರಾಹತ್ತು ಮಕ್ಕಳಿಗೆ ಬಡಿಸ್ತೀನಿ. ಡಾಕ್ಟ್ರು ಚೀಟಿ ಕೊಟ್ಟಿದಾರೆ, ಹೆಡ್‌ಮಾಸ್ಟ್ರು ಓದಿದಾರೆ, ಹೋಗಿ ಅಡಿಗೆ ಮಾಡಮ್ಮ ಅಂದಿದಾರೆ. ನಿನ್ನ ದೋಸೆಗೆ ಎಂತ ಆಗುತ್ತೆ?"

ತನುಜಾ ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿದಳು. ಬಾಗಿಲಾಚೆ ಯಾರೋ ಚಟ್ನಿ ಎಂದು ಕೂಗಿದರು.

"ಇದ್ರೆ?"

"ಇದ್ರೆ ಮಾತ್ರೆ. ಇಲ್ದಿದ್ರೆ ನಂಗೊಂದು ದೋಸೆ."

ಇಷ್ಟಕ್ಕೆ ತನುಜಾ ನಕ್ಕಳು. ಆ ನಗು ಮೊದಲಿನದೇ, ಕಣದ ಆಚೆ ತುದಿಗೂ ಕೇಳುವಂಥದು. ಗಂಡನಿಗೆ ತಾನೇ ಎಲ್ಲ ಹೇಳಿದಳು. ಅವನು ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು, ಹಾಗಾದ್ರೆ ಸೋಮವಾರ ಹೋಟೆಲ್ ಮುಚ್ಚೋಣ, ನಾನೂ ಬರುತ್ತೇನೆ ಎಂದ.

ತನುಜಾಳ ರಕ್ತದಲ್ಲಿ ವೈರಸ್ಸು ಇತ್ತು. ಲಿವರ್ ಗಟ್ಟಿಯಾಗಿದೆ, ಆದರೆ ಇನ್ನೂ ಕೆಲಸ ಬಿಟ್ಟಿಲ್ಲ ಎಂದು ಡಾಕ್ಟರ್ ಶಿಲ್ಪಾ ಹೇಳಿದರು. ಇನ್ನೆರಡು ಮೂರು ವರ್ಷ ತಡವಾಗಿದ್ದರೆ ಕಷ್ಟವಿತ್ತು. ಅವಳಿಗೆ ಬೇರೆ ಬಗೆಯ ಮಾತ್ರೆ. ವೈರಸ್ಸು ಹೋದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ತಪ್ಪಿಸಬಾರದು, ಹೆಂಡ ಮುಟ್ಟಬಾರದು, ನಾಟಿ ಔಷಧಿ ಎಂದು ಸಿಕ್ಕಿದ್ದೆಲ್ಲ ಕುಡಿಯಬಾರದು. ಒಮ್ಮೆ ಗುಣವಾದರೆ ಮತ್ತೆ ಬರುವುದೇ ಇಲ್ಲ ಎಂದಲ್ಲ, ಸೂಜಿಯ ವಿಷಯದಲ್ಲಿ ಜೀವನಪೂರ್ತಿ ಎಚ್ಚರ ಬೇಕು ಎಂದೂ ಹೇಳಿದರು. ಹೊರಗೆ ಬಂದು ತನುಜಾ ಅಳುತ್ತಾಳೆಂದು ಮರಿಯಮ್ಮ ಕಾದಳು. ಅವಳು ಅಳಲಿಲ್ಲ.

"ಸೋಮಾರಿ ಅಲ್ಲ ನಾನು," ಎಂದಳು ಗಂಡನ ಕಡೆ ತಿರುಗಿ. "ನಿಮ್ಮಮ್ಮಂಗೆ ಹೇಳಿ. ಬರೆದುಕೊಟ್ಟಿದಾರೆ."

ಉಳಿದವಳು ಬೆಳ್ಳಿ. ಈ ಹುಡುಕಾಟಕ್ಕೆ ಮರಿಯಮ್ಮನಿಗಿಂತ ತನುಜಾಳೇ ಹೆಚ್ಚು ಹುರುಪಿನಿಂದ ಇಳಿದಳು. ಸಂಸೆಯ ಕಡೆಯಿಂದ ಬರುವ ಜೀಪಿನವರೆಲ್ಲ ಅವಳ ಹೋಟೆಲಿನಲ್ಲೇ ಟೀ ಕುಡಿಯುವವರು. ಒಬ್ಬೊಬ್ಬರನ್ನೂ ಕೇಳಿದಳು: ಎಡಗೈಯವಳು, ಗಲ್ಲದ ಮೇಲೆ ಮಚ್ಚೆ, ಹೆಸರು ಬೆಳ್ಳಿ. ಐದು ವಾರ ಯಾರಿಗೂ ಗೊತ್ತಿರಲಿಲ್ಲ. ಮಾರ್ಚಿ ಶುರುವಿನಲ್ಲಿ ಗಿರಿ ಎಂಬ ಡ್ರೈವರೊಬ್ಬ ಟೀ ಲೋಟ ಕೆಳಗಿಟ್ಟು, "ಎಡಗೈಲಿ ಮೆಣಸು ಕೊಯ್ಯೋ ಹೆಂಗ್ಸೊಬ್ರು ಇದಾರೆ, ಏಣಿ ಮೇಲೆ ಗಂಡಸ್ರಿಗಿಂತ ಜೋರು," ಎಂದ. ತನುಜಾ ಆ ಕ್ಷಣವೇ ಫೋನು ತಿರುಗಿಸಿದಳು. ಮರಿಯಮ್ಮ ಆಗ ಸಾರಿಗೆ ಬೇಳೆ ಹಾಕುತ್ತಿದ್ದಳು. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕೇಳಿದವಳು ಉಪ್ಪನ್ನು ಎರಡು ಸಲ ಹಾಕಿದಳು. ಅಂದು ಮಕ್ಕಳು ಮಜ್ಜಿಗೆ ಜಾಸ್ತಿ ಕುಡಿದರು.

ಭಾನುವಾರ ಸುರೇಂದ್ರನ ಜೀಪು ಕಳಸದಲ್ಲಿ ತನುಜಾಳನ್ನೂ ಹತ್ತಿಸಿಕೊಂಡು, ಸಂಸೆ ದಾಟಿ, ಡಾಂಬರು ಮುಗಿದು, ಮಣ್ಣಿನ ರಸ್ತೆಯಲ್ಲಿ ಕುಲುಕಾಡುತ್ತ ಮೇಲೆ ಹತ್ತಿತು. ಎಸ್ಟೇಟಿನೊಳಗೆ ಉದ್ದನೆಯ ಬಿದಿರೇಣಿಯೊಂದು ಮರಕ್ಕೆ ಒರಗಿತ್ತು. ತುದಿಯಲ್ಲಿ ಒಬ್ಬ ಹೆಂಗಸು, ಬೆನ್ನಿಗೆ ಚೀಲ, ಎಡಗೈಯಲ್ಲಿ ಮೆಣಸಿನ ಗೆರೆ ಕೀಳುತ್ತಿದ್ದಳು.

"ಬೆಳ್ಳಿ," ಎಂದು ಮರಿಯಮ್ಮ ಕೂಗಿದಳು.

ಎಲೆಗಳ ನಡುವಿನಿಂದ ಒಂದು ಮುಖ ಕೆಳಗೆ ಬಗ್ಗಿತು. "ಯಾರು? ಮರಿಯಾ?"

ಇಳಿದು ಬಂದವಳ ಮೈತುಂಬ ಹಸಿ ಮೆಣಸಿನ ವಾಸನೆ. ಮೂವರೂ ಮರದ ಬುಡದಲ್ಲಿ ಕೂತರು. ಬೆಳ್ಳಿ ಎಲ್ಲ ಕೇಳಿ, "ನಂಗೇನೂ ಆಗಿಲ್ಲ ಕಣ್ರೆ. ನೋಡಿದ್ರಲ್ಲ ಏಣಿ ಮೇಲೆ," ಎಂದಳು.

"ನಂಗೂ ಏನೂ ಆಗಿರ್ಲಿಲ್ಲ," ಎಂದಳು ಮರಿಯಮ್ಮ.

"ನಂಗೆ ಆಗಿತ್ತು, ಗೊತ್ತಿರ್ಲಿಲ್ಲ," ಎಂದಳು ತನುಜಾ.

ಬೆಳ್ಳಿ ಇಬ್ಬರ ಮುಖವನ್ನೂ ನೋಡಿದಳು. ಅವಳ ಭಯ ಬೇರೆಯೇ ಇತ್ತು. "ಮತ್ತೆ ಸೂಜಿ ಹಾಕ್ತಾರಲ್ಲ."

"ಹೊಸ ಸೂಜಿ. ನಿನ್ನ ಕಣ್ಣೆದುರೇ ಪ್ಯಾಕೆಟ್ ಒಡೀತಾರೆ. ಒಡೀದಿದ್ರೆ ಬೇಡ ಅನ್ನು. ಹಾಗೆ ಕೇಳೋ ಹಕ್ಕಿದೆ ನಮ್ಗೆ," ಎಂದಳು ಮರಿಯಮ್ಮ.

ಬೆಳ್ಳಿ ಕೇಳಿಯೇ ಕೇಳಿದಳು. ಲ್ಯಾಬಿನಲ್ಲಿ ಹುಡುಗಿ ಪ್ಯಾಕೆಟ್ ಒಡೆಯುವ ಮೊದಲು ಅದನ್ನು ಇಸಿದುಕೊಂಡು, ತಿರುಗಿಸಿ ಮುರುಗಿಸಿ ನೋಡಿ, ಆಮೇಲೆ ಎಡಗೈ ಚಾಚಿದಳು. ಅವಳಿಗೂ ಇತ್ತು. ಲಿವರ್ ಮಾತ್ರ ಚೆನ್ನಾಗಿತ್ತು. ಹನ್ನೆರಡು ವಾರದಲ್ಲಿ ಒಂದು ಮಾತ್ರೆಯೂ ತಪ್ಪಲಿಲ್ಲ, ಏಕೆಂದರೆ ದಿನಾ ಬೆಳಿಗ್ಗೆ ಏಳು ಗಂಟೆಗೆ ತನುಜಾ ಫೋನು ಮಾಡಿ, ನುಂಗುವ ಸದ್ದು ಕೇಳಿದ ಮೇಲೆಯೇ ಇಡುತ್ತಿದ್ದಳು.

ಆಗಸ್ಟಿನ ಮಳೆಯಲ್ಲಿ ತನುಜಾಳ ಕೊನೆಯ ರಿಪೋರ್ಟು ಬಂತು. ವೈರಸ್ಸು ಇಲ್ಲ. ಅವಳು ಕಳಸದಿಂದ ಗುರುವಯ್ಯನಿಗೇ ಮೊದಲು ಫೋನು ಮಾಡಿದಳು. ಮುದುಕ, "ಬೈಯಲ್ವಾ ನನ್ನ?" ಎಂದ. "ಬೈತೀನಿ, ಆಮೇಲೆ ಮನೇಗೆ ಬಂದು ಬೈತೀನಿ," ಎಂದಳು.

ಬೆಳ್ಳಿಯದು ಸೆಪ್ಟೆಂಬರಿನಲ್ಲಿ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಓದು ಬಾರದು. ಮರಿಯಮ್ಮನಿಗೆ ಈಗ ಆ ಇಂಗ್ಲಿಷ್ ಹಾಳೆಯ ಯಾವ ಸಾಲು ಎಲ್ಲಿದೆಯೆಂದು ಬಾಯಿಪಾಠ. ಬೆರಳಿಟ್ಟು ಓದಿದಳು: ವೈರಸ್ಸು ಪತ್ತೆಯಾಗಿಲ್ಲ.

"ಹೆಸ್ರು ನಂದೇನಾ ನೋಡು."

"ನಿಂದೇ. ಬೆಳ್ಳಿ. ನಲವತ್ತಾರು ವರ್ಷ. ಹೆಣ್ಣು."

"ಇನ್ನೊಂದ್ಸಲ ಓದು."

ಮರಿಯಮ್ಮ ಮತ್ತೆ ಓದಿದಳು. ಬೆಂಚಿನಲ್ಲಿ ಕೂತಿದ್ದ ಯಾರೋ ಮುದುಕಿಯೊಬ್ಬಳು ಏನಂತೆ, ಏನಂತೆ ಎಂದು ಕತ್ತು ಚಾಚಿದಳು. ಬೆಳ್ಳಿ ಅವಳ ಪಕ್ಕದಲ್ಲಿ ಹೋಗಿ ಕೂತು, ಹಾಳೆಯನ್ನು ತೊಡೆಯ ಮೇಲೆ ಹರಡಿ, "ಅಜ್ಜಿಗೂ ಕೇಳೋ ಹಂಗೆ ಓದು ಮರಿಯಾ," ಎಂದಳು.